ವದಂತಿಯೂ ಠೇವಣಿಯೂ

ನಾನು ಮೇಷ್ಟರಾಗಿದ್ದ ಊರಿನಲ್ಲಿ ಒಂದು ಸೋಮವಾರ ಬೆಳಿಗ್ಗೆ, ಅಲ್ಲಿನ ಪತ್ತಿನ ಸಹಕಾರ ಸಂಘ ಮುಳುಗಿತಂತೆ ಎಂಬ ಸುದ್ದಿ ಹಬ್ಬಿತು. ಹೇಳಿದವರು ಯಾರೆಂದು ಯಾರಿಗೂ ತಿಳಿಯದು. ಹನ್ನೊಂದು ಗಂಟೆಯ ಹೊತ್ತಿಗೆ ಜನರ ಸಾಲು ಬೀದಿಯ ತಿರುವನ್ನು ಮುಟ್ಟಿತ್ತು. ಮಕ್ಕಳಿಗೆ ವಿವೇಚನೆಯ ಪಾಠ ಹೇಳುತ್ತಿದ್ದ ನಾನೂ ಅರ್ಧ ದಿನ ರಜೆ ಹಾಕಿ, ಪಾಸ್‌ಬುಕ್ ಹಿಡಿದು ಅದರಲ್ಲಿ ನಿಂತಿದ್ದೆ! ಸಂಘವೇನೋ ಮುಳುಗಿರಲಿಲ್ಲ. ಆದರೆ ತಿಂಗಳ ಕಾಲ ಊರಿನ ವ್ಯಾಪಾರವೇ ಸೊರಗಿತು. ಕಿರಾಣಿ ಅಂಗಡಿಯವರು ಉದ್ದರಿ ನಿಲ್ಲಿಸಿದರು. ನಾನು ಹಿತ್ತಿಲ ಗೋಡೆ ಕಟ್ಟಿಸುವುದನ್ನು ಮುಂದೂಡಿದೆ. ಗಾರೆಯವನಿಗೆ ಕೂಲಿ ತಪ್ಪಿತು. ಮಳೆ ಬೆಳೆ ಎಂದಿನಂತೆಯೇ ಇದ್ದವು. ಬದಲಾದದ್ದು ನಮ್ಮ ನಂಬಿಕೆ ಮಾತ್ರ.

ಇದೇ ಸಂಗತಿ ಒಂದು ದೇಶದ ಪ್ರಮಾಣದಲ್ಲಿ ನಡೆದದ್ದು 1933ರ ಅಮೆರಿಕದಲ್ಲಿ. ಹೆದರಿದ ಜನ ಹಣ ಹಿಂತೆಗೆದಂತೆಲ್ಲ ಬ್ಯಾಂಕುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ರೂಸ್‌ವೆಲ್ಟ್, 6ರಿಂದ ದೇಶದ ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದರು. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ, ಠೇವಣಿಯ ಹಣ ಪೆಟ್ಟಿಗೆಯಲ್ಲಿ ಕೂತಿರದೆ ಸಾಲವಾಗಿ ಹೇಗೆ ದುಡಿಯುತ್ತದೆ ಎಂಬುದನ್ನು ಸಾಮಾನ್ಯರಿಗೆ ತಿಳಿಯುವಂತೆ ವಿವರಿಸಿದರು. (ಒಳ್ಳೆಯ ಮೇಷ್ಟರ ಲಕ್ಷಣ!) ಮರುದಿನದಿಂದ ಬ್ಯಾಂಕುಗಳು ಹಂತ ಹಂತವಾಗಿ ತೆರೆದಾಗ, ಜನ ಮನೆಯಲ್ಲಿ ಬಚ್ಚಿಟ್ಟಿದ್ದ ಹಣವನ್ನು ಮರಳಿ ಕಟ್ಟಲು ಸಾಲಿನಲ್ಲಿ ನಿಂತರು. 15ರಂದು ಡೌ ಜೋನ್ಸ್ ಷೇರು ಸೂಚ್ಯಂಕ ಒಂದೇ ದಿನ ಶೇ. 15ಕ್ಕೂ ಹೆಚ್ಚು ಏರಿತು. ನಿರುದ್ಯೋಗ ನೀಗಲು ಮಾತ್ರ ವರ್ಷಗಳೇ ಹಿಡಿದವು.

ಇದನ್ನು ಮಾತಿನ ಮಹಿಮೆ ಎನ್ನುವವರುಂಟು. ನಾನು ಒಪ್ಪಲಾರೆ. ಧೈರ್ಯದ ಮಾತುಗಳನ್ನು ಹಿಂದಿನ ಅಧ್ಯಕ್ಷ ಹೂವರ್ ಕೂಡ ಬೇಕಾದಷ್ಟು ಆಡಿದ್ದರು. ರೂಸ್‌ವೆಲ್ಟರ ಭಾಷಣಕ್ಕೆ ಮೂರು ದಿನ ಮೊದಲೇ ಕಾನೂನು ಬಂದಿತ್ತು. ಗಟ್ಟಿಯೆಂದು ಕಂಡ ಬ್ಯಾಂಕುಗಳಿಗಷ್ಟೇ ಬಾಗಿಲು ತೆರೆಯಲು ಅನುಮತಿ ದೊರೆಯಿತು. ಅದೇ ವರ್ಷ ಠೇವಣಿ ವಿಮೆಯ ಕಾಯಿದೆಯೂ ಆಯಿತು.

ನಮ್ಮ ದೇಶದಲ್ಲಿ ಠೇವಣಿ ವಿಮೆ 1962ರಲ್ಲಿ 1,500 ರೂಪಾಯಿಯ ಮಿತಿಯೊಂದಿಗೆ ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷಕ್ಕೇರಿತು. ಸಹಕಾರಿ ಬ್ಯಾಂಕುಗಳೂ ಅದರೊಳಗೆ ಬರುತ್ತವೆ. ನಾನು ಸಾಲಿನಲ್ಲಿ ನಿಂತಿದ್ದಂಥ ಪತ್ತಿನ ಸಂಘಗಳು ಬರುವುದಿಲ್ಲ. ಎಷ್ಟೋ ಹಮಾಲರ, ಹೂ ಮಾರುವವರ, ನಿವೃತ್ತರ ಉಳಿತಾಯ ಇರುವುದು ಅಲ್ಲಿಯೇ. ವದಂತಿ ಹಬ್ಬಿದಾಗ ಗಾಬರಿಯಾಗಬೇಡಿ ಎಂದು ಅವರಿಗೆ ಬುದ್ಧಿ ಹೇಳುವವರು, ಯಾವ ಖಾತರಿಯ ಮೇಲೆ ಎಂಬುದನ್ನೂ ಹೇಳಬೇಡವೆ? ಅಂದು ನನ್ನ ಮುಂದೆ ನಿಂತಿದ್ದ ಹಮಾಲ ಅದನ್ನೇ ಕೇಳಿದ್ದ. ಕಿಟಕಿಯಾಚೆಯ ಗುಮಾಸ್ತರು ತಲೆ ಎತ್ತದೆ ನೋಟು ಎಣಿಸುತ್ತಲೇ ಇದ್ದರು.