ಏಲಕ್ಕಿಗೇಕೆ ಚಿತ್ರನಟನ ಸಾಕ್ಷಿ?

ಬಾಬಾಬುಡನ್‌ಗಿರಿಯ ಮಳೆ ನೆರಳಿನ ಬಯಲಿನಲ್ಲಿರುವ ಸಿಂಗಟಗೆರೆ ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂತಹ ಯಾವುದೇ ಹೋಬಳಿ ಊರಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಓದಲು ಬರುವ ಮಕ್ಕಳು ಸಂಜೆ ಬಸ್ಸಿಗೆ ಕಾಯುವುದು ಪೆಟ್ಟಿಗೆ ಅಂಗಡಿಗಳ ಮುಂದೆಯೇ. ಅಂಗಡಿಯ ಎದುರು ಬಾಳೆಗೊನೆಯ ಪಕ್ಕದಲ್ಲಿ ಪೊಟ್ಟಣಗಳ ಸರಗಳು ಹೊಳೆಯುತ್ತ ತೂಗುತ್ತಿರುತ್ತವೆ. ಅದೇ ದಿನ ಬೆಳಿಗ್ಗೆ 'ತಂಬಾಕು ಆರೋಗ್ಯಕ್ಕೆ ಹಾನಿಕರ' ಎಂದು ದುಂಡಗೆ ಬರೆದು ಪೂರ್ಣ ಅಂಕ ಪಡೆದ ಹುಡುಗ, ಆ ಸರದತ್ತ ನೋಡಿದಾಗ ತನ್ನ ಪಾಠಕ್ಕೂ ಅದಕ್ಕೂ ಸಂಬಂಧವಿದೆಯೆಂದು ಎಣಿಸಬೇಕಾದ ಕಾರಣವೇ ಇಲ್ಲ. ಪೊಟ್ಟಣದ ಮೇಲೆ 'ತಂಬಾಕುರಹಿತ' ಎಂದಿದೆ. ದೂರದರ್ಶನದ ಪರದೆಯ ಮೇಲೆ ಅದೇ ಹೆಸರಿನಲ್ಲಿ ಮಾರಾಟಕ್ಕೆ ನಿಂತಿರುವುದು ಏಲಕ್ಕಿ.

ಏಲಕ್ಕಿಯ ಬಗ್ಗೆ ಮಲೆನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಗಳ ನೆರಳಿನಲ್ಲಿ ಅದು ಬೆಳೆಯುವುದನ್ನೂ, ಅಮ್ಮ ಅದನ್ನು ಎಣಿಸಿ ಪಾಯಸಕ್ಕೆ ಹಾಕುವುದನ್ನೂ ಅವರು ಕಂಡಿದ್ದಾರೆ. ಏಲಕ್ಕಿಯನ್ನು ಕೊಳ್ಳಿರೆಂದು ಈ ನಾಡಿನಲ್ಲಿ ಯಾರಾದರೂ ಯಾರನ್ನಾದರೂ ಕಾಡಿದ್ದುಂಟೆ? ಶತಮಾನಗಳಿಂದ ತನ್ನ ಪರಿಮಳದ ಬಲದಿಂದಲೇ ಕಡಲಾಚೆಗೂ ಮಾರಾಟವಾದ ಈ ಪದಾರ್ಥಕ್ಕೆ ಹಿಂದಿ ಚಿತ್ರರಂಗದ ನಾಯಕರು ಸೂಟು ತೊಟ್ಟು ಸಾಕ್ಷಿ ನುಡಿಯುವ ಅಗತ್ಯ ಏಕೆ ಬಂತು? ಚಿಲ್ಲರೆ ಕಾಸಿನ ಪೊಟ್ಟಣವೊಂದಕ್ಕೆ ಇಷ್ಟು ದುಬಾರಿಯಾದ ಮುಖಗಳನ್ನು ಬಾಡಿಗೆಗೆ ಪಡೆಯುವ ವ್ಯಾಪಾರಿ ನಿಜವಾಗಿ ಮಾರುತ್ತಿರುವುದು ಏನನ್ನು? ಈ ಒಂದು ಪ್ರಶ್ನೆಯನ್ನು ಕೇಳಲು ಏಳನೆಯ ತರಗತಿಯ ವಿದ್ಯಾರ್ಥಿಗೆ ಕಲಿಸಿದರೆ ಅರ್ಧ ಪಾಠ ಮುಗಿದಂತೆ. ಅದನ್ನು ಕಲಿಸುತ್ತಿಲ್ಲವೆಂಬುದೇ ಇಲ್ಲಿರುವ ಆಕ್ಷೇಪ.

ಕಾನೂನು ಬಾಗಿಲು ಮುಚ್ಚಿದಂತೆಲ್ಲ ವ್ಯಾಪಾರ ಕಿಟಕಿಯಿಂದ ಒಳಬಂದ ಕಥೆ ಇದು. ತಂಬಾಕಿನ ಜಾಹೀರಾತನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2003ರಲ್ಲಿ ಬಂತು. 2004ರ ಮೇ 1ರಿಂದ ಜಾರಿಯಾಯಿತು. ತಂಬಾಕಿನ ಹೆಸರನ್ನು ಹೇಳುವಂತಿಲ್ಲವಾದಾಗ ಅದೇ ಹೆಸರಿನ, ಅದೇ ಬಣ್ಣದ ಪಾನ್ ಮಸಾಲಾ ಪರದೆಗೆ ಬಂತು. 2013ರ ಮೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಆಗ ಒಂದು ಪೊಟ್ಟಣ ಎರಡಾಯಿತು: ಒಂದರಲ್ಲಿ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧಿತ ಗುಟ್ಕಾ ಅಂಗಡಿಯ ಎದುರೇ ಸಿದ್ಧ! ಮಸಾಲೆಯ ಪೊಟ್ಟಣದ ಮೇಲೂ ಎಚ್ಚರಿಕೆಯ ಮಾತು ದೊಡ್ಡದಾಗತೊಡಗಿದಾಗ ಪರದೆಯಲ್ಲಿ ಏಲಕ್ಕಿ ಹೆಚ್ಚು ಹೆಚ್ಚಾಗಿ ಕಾಣಿಸಿಕೊಂಡಿತು. ಇಂತಹ ಬದಲಿ ಜಾಹೀರಾತುಗಳನ್ನು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಹೆಸರಿಟ್ಟು ನಿಷೇಧಿಸಿತು. ಆ ಬಳಿಕವೂ, 2025ರ ಮಾರ್ಚ್‌ನಲ್ಲಿ, ಐಪಿಎಲ್ ಕ್ರಿಕೆಟ್ ಪಂದ್ಯಗಳಲ್ಲಿ ತಂಬಾಕು ಮತ್ತು ಮದ್ಯದ ನೇರ ಹಾಗೂ ಬದಲಿ ಜಾಹೀರಾತುಗಳಿಗೆ ಎಡೆಗೊಡಬಾರದೆಂದು ಕೇಂದ್ರದ ಆರೋಗ್ಯ ಅಧಿಕಾರಿಗಳು ಪತ್ರ ಬರೆಯಬೇಕಾಯಿತು. ನಿಷೇಧಿಸಿದ್ದನ್ನು ಮತ್ತೆ ಪತ್ರ ಬರೆದು ಬೇಡಿಕೊಳ್ಳುವ ಸರ್ಕಾರದ ಭಂಗಿಯಲ್ಲಿಯೇ ಮಾರುಕಟ್ಟೆಯ ಬಲ ಎಷ್ಟೆಂಬುದು ತಿಳಿಯುತ್ತದೆ.

2021ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ಪಾನ್ ಮಸಾಲಾ ಜಾಹೀರಾತೊಂದರಿಂದ ಹಿಂದೆ ಸರಿದರು. ಅದು ಬದಲಿ ಜಾಹೀರಾತಿನ ವ್ಯಾಪ್ತಿಗೆ ಬರುತ್ತದೆಂಬುದು ಒಪ್ಪಂದದ ವೇಳೆ ಅವರಿಗೆ ತಿಳಿದಿರಲಿಲ್ಲವೆಂದು ಅವರ ಕಚೇರಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಏಲಕ್ಕಿಯ ಜಾಹೀರಾತಿಗಾಗಿ ಕ್ಷಮೆ ಕೇಳಿ ಹೊರಬಂದರು; ಕರಾರಿನ ಅವಧಿ ಮುಗಿಯುವವರೆಗೆ ಆ ಜಾಹೀರಾತು ಪ್ರಸಾರವಾಗಬಹುದೆಂದೂ ತಿಳಿಸಿದರು. ಸಲಹೆ ನೀಡಲು ವಕೀಲರ ದಂಡನ್ನೇ ಇರಿಸಿಕೊಳ್ಳಬಲ್ಲ ನಟನಿಗೇ ತಾನು ಏನನ್ನು ಮಾರುತ್ತಿದ್ದೇನೆಂಬುದು ತಿಳಿಯಲಿಲ್ಲವೆಂದಾದರೆ, ಬಸ್ಸಿಗೆ ಕಾಯುತ್ತ ನಿಂತ ಹದಿಮೂರರ ಹುಡುಗನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ತಿಳಿಯುವುದು ಹೇಗೆ?

ಶಾಲೆಗಳು ಸುಮ್ಮನಿವೆ ಎನ್ನಲಾಗದು. ಗೋಡೆ ಬರಹಗಳಿವೆ, ಪ್ರತಿಜ್ಞೆಗಳಿವೆ, ಜಾಥಾಗಳಿವೆ. ಇವೆಲ್ಲವೂ ಪದಾರ್ಥದ ವಿರುದ್ಧ. ಪದಾರ್ಥವನ್ನು ಅಪೇಕ್ಷಣೀಯವಾಗಿಸುವ ಮಾತಿನ ವಿರುದ್ಧ ಅಲ್ಲ. ಪದ್ಯವನ್ನು ಸಾಲು ಸಾಲಾಗಿ ಬಿಡಿಸಿ ಅರ್ಥೈಸುವ ಕನ್ನಡ ಅಧ್ಯಾಪಕರು ಇಪ್ಪತ್ತು ಕ್ಷಣಗಳ ಜಾಹೀರಾತನ್ನು ಏಕೆ ಬಿಡಿಸಬಾರದು? ಎನ್‌ಸಿಇಆರ್‌ಟಿ 2007ರಲ್ಲಿ ಏಳನೆಯ ತರಗತಿಗಾಗಿ ಹೊರತಂದ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಜಾಹೀರಾತನ್ನು ಅರ್ಥಮಾಡಿಕೊಳ್ಳುವ ಕುರಿತೇ ಒಂದು ಅಧ್ಯಾಯವಿತ್ತು. ಇದು ಕನಸಿನ ಮಾತಲ್ಲ, ಒಮ್ಮೆ ಮಾಡಿ ತೋರಿಸಿದ ಕೆಲಸ. ಮಕ್ಕಳು ಬೀದಿಯಲ್ಲಿ ಬಿದ್ದ ಖಾಲಿ ಪೊಟ್ಟಣಗಳನ್ನು ತರಗತಿಗೆ ತರಲಿ. ದೊಡ್ಡ ಅಕ್ಷರದಲ್ಲಿ ಏನಿದೆ, ಸಣ್ಣ ಅಕ್ಷರದಲ್ಲಿ ಏನನ್ನು ಅಡಗಿಸಲಾಗಿದೆ ಎಂದು ಗಟ್ಟಿಯಾಗಿ ಓದಲಿ. ಜಾಹೀರಾತಿನಲ್ಲಿ ಉಗುಳುವವರು ಏಕಿಲ್ಲ, ಬಾಯಿಯನ್ನು ಎರಡು ಬೆರಳಿನಷ್ಟೂ ತೆರೆಯಲಾಗದವರು ಏಕಿಲ್ಲ ಎಂದು ಕೇಳಲಿ. ಶಾಲೆಯ ಗೇಟಿನಿಂದ ಹಗ್ಗ ಹಿಡಿದು, 2003ರ ಕಾಯ್ದೆ ತಂಬಾಕಿನ ಮಾರಾಟಕ್ಕೆ ಹಾಕಿದ 100 ಗಜದ ಗೆರೆ ಎಲ್ಲಿಗೆ ಮುಟ್ಟುತ್ತದೆಂದು ಅಳೆಯಲಿ. ತಂಬಾಕಿಲ್ಲದ ಪಾನ್ ಮಸಾಲಾ ಆ ಗೆರೆಯೊಳಗೆ ನಿರಾತಂಕವಾಗಿ ತೂಗಬಹುದೆಂಬ ಸತ್ಯ ಅಳೆಯುವಾಗಲೇ ಅವರಿಗೆ ಗೋಚರಿಸುತ್ತದೆ. ಎರಡೂ ಪೊಟ್ಟಣಗಳ ಮೇಲಿನ ಹೆಸರು ಒಂದೇ ಎಂಬುದೂ ಕೂಡ.

ಪಾನ್ ಮಸಾಲಾಕ್ಕೆ ಮಾತ್ರ ಈ ಪಾಠ ಮೀಸಲಲ್ಲ. ರಾಗಿಯ ಸೀಮೆಯೆನಿಸಿದ ಕಡೂರಿನಲ್ಲಿಯೂ ಮಗು ಎತ್ತರ ಬೆಳೆಯಲೆಂದು ಡಬ್ಬಿಯ ಪುಡಿ ಕೊಳ್ಳುವ ತಾಯಂದಿರಿದ್ದಾರೆ. 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಆಹಾರ ಸುರಕ್ಷತಾ ಕಾಯ್ದೆಯಲ್ಲಿಲ್ಲ. ಆ ಶೀರ್ಷಿಕೆಯಡಿ ಇಂತಹ ಪಾನೀಯಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ ಅಂತರ್ಜಾಲ ಮಾರಾಟ ಸಂಸ್ಥೆಗಳಿಗೆ ಸೂಚಿಸಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ತಲೆಮಾರುಗಳು ಆ ಸಕ್ಕರೆಯನ್ನು ಆರೋಗ್ಯವೆಂದೇ ಕುಡಿದು ಬೆಳೆದಿದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ನೀಡುವ ಯೋಜನೆ ಆರಂಭವಾಯಿತು. ಅದಕ್ಕೆ ಯಾವ ನಟನೂ ಬೇಕಾಗಲಿಲ್ಲ.

ಇಲ್ಲಿಯವರೆಗೆ ಮಲೆನಾಡಿನ ಓದುಗರು ತಲೆದೂಗಬಹುದು. ಆದರೆ ಪೊಟ್ಟಣವನ್ನು ಬಿಡಿಸಿದರೆ ಒಳಗೆ ಇರುವುದು ಅಡಿಕೆ. ತರೀಕೆರೆ, ಅಜ್ಜಂಪುರ, ಕಡೂರುಗಳ ತೋಟಗಳಲ್ಲಿ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಕಳುಹಿಸಿದ ಅಡಿಕೆಯೂ ಅದರಲ್ಲಿರಬಹುದು. ಮಕ್ಕಳ ಶುಲ್ಕ, ಮಗಳ ಮದುವೆ, ಮನೆಯ ಹೆಂಚು ಎಲ್ಲವೂ ಆ ಬೆಲೆಯ ಮೇಲೆ ನಿಂತಿವೆ. ಆದ್ದರಿಂದಲೇ ಅಡಿಕೆಯ ಮಾತು ಬಂದೊಡನೆ ಎಲ್ಲ ಪಕ್ಷಗಳ ನಾಯಕರೂ ಒಂದೇ ದನಿಯಲ್ಲಿ ಅದು ನಿರಪಾಯವೆನ್ನುತ್ತಾರೆ, ಹಾನಿಯೆಲ್ಲ ತಂಬಾಕಿನದೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟ ತಂಬಾಕಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿತು. ಜಗಿಯುವ ತಂಬಾಕು ಮತ್ತು ಅಡಿಕೆಯಿಂದ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 1.2 ಲಕ್ಷ ಬಾಯಿಯ ಕ್ಯಾನ್ಸರ್ ಪ್ರಕರಣಗಳು ಉಂಟಾದವೆಂದೂ, ಅವುಗಳಲ್ಲಿ ಸುಮಾರು 83 ಸಾವಿರ ಭಾರತದವೆಂದೂ ಅದೇ ಸಂಸ್ಥೆಯ ಅಧ್ಯಯನ 2024ರಲ್ಲಿ ತಿಳಿಸಿತು. ಮದುವೆಯ ಮನೆಯಲ್ಲಿ ಹಿರಿಯರು ಹಾಕಿಕೊಳ್ಳುವ ಒಂದು ತಾಂಬೂಲವೂ, ಹುಡುಗನೊಬ್ಬ ದಿನವಿಡೀ ದವಡೆಯಲ್ಲಿ ಇರಿಸಿಕೊಳ್ಳುವ ಪೊಟ್ಟಣಗಳೂ ಪ್ರಮಾಣದಲ್ಲಿ ಒಂದೇ ಅಲ್ಲ, ನಿಜ. ಆದರೆ ಆ ವ್ಯತ್ಯಾಸದ ಮರೆಯಲ್ಲಿ ಅಡಿಕೆಯನ್ನೇ ಪಾಠದಿಂದ ಹೊರಗಿಟ್ಟರೆ, ಏಲಕ್ಕಿಯನ್ನು ತೋರಿಸಿ ತಂಬಾಕನ್ನು ಮರೆಮಾಡುವವರಿಗೂ ನಮ್ಮ ಶಾಲೆಗಳಿಗೂ ಭೇದವೇನು ಉಳಿಯಿತು?

ಬೆಳೆಗಾರ ಇಲ್ಲಿ ಆರೋಪಿಯಲ್ಲ. ಮಂಡಿಯಲ್ಲಿ ಬೆಲೆ ನಿಗದಿಪಡಿಸುವವನು ಅವನಲ್ಲ. ಪರದೆಯ ಮೇಲಿನ ನಟನಿಗೆ ಹಣ ಸಲ್ಲಿಸುವವನೂ ಅವನಲ್ಲ. ಆದರೆ ಪೊಟ್ಟಣದ ಬೇಡಿಕೆ ಹಬ್ಬಿದಂತೆ ಅಡಿಕೆ ತೋಟವೂ ಮಲೆನಾಡನ್ನು ದಾಟಿ ಕಡೂರಿನ ಬಯಲಿಗೆ, ರಾಗಿ ಬೆಳೆಯುತ್ತಿದ್ದ ಒಣಭೂಮಿಗೆ ಹಬ್ಬಿತು. ಕೊಳವೆಬಾವಿಗಳು ಆಳಕ್ಕಿಳಿದವು. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಹೊಯ್ದು ಮರ ಉಳಿಸಿಕೊಂಡವರಿದ್ದಾರೆ, ಉಳಿಸಿಕೊಳ್ಳಲಾಗದೆ ಕಡಿದವರೂ ಇದ್ದಾರೆ. ಎಲ್ಲಿಯದೋ ನಗರದಲ್ಲಿ ತಯಾರಾದ ಜಾಹೀರಾತು ಸಿಂಗಟಗೆರೆಯ ಸುತ್ತಲಿನ ಅಂತರ್ಜಲವನ್ನೂ ಕುಡಿಯುತ್ತದೆಯೆಂದರೆ ಅದು ಅಲಂಕಾರದ ಮಾತಲ್ಲ. ಈ ಸರಪಳಿಯನ್ನು ತೋಟದ ಮನೆಯ ಮಗು ಅರಿತುಕೊಳ್ಳಲಾರದೆಂದು ಭಾವಿಸುವುದು ಮಗುವಿಗೆ ಮಾಡುವ ಅವಮಾನ.

2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಪಾನ್ ಮಸಾಲಾದ ಪೊಟ್ಟಣ, ಏಲಕ್ಕಿಯ ಪೊಟ್ಟಣ ಈ ವಯಸ್ಸಿನ ಲೆಕ್ಕದಿಂದಲೂ ಹೊರಗೇ ಉಳಿದವು. ಅವುಗಳನ್ನು ಒಳಗೆ ತರುವಂತೆ ಬೆಂಗಳೂರನ್ನು ಒತ್ತಾಯಿಸುವುದು ದೀರ್ಘಕಾಲದ ಕೆಲಸ. ಹತ್ತಿರದ ಕೆಲಸವೊಂದಿದೆ: ಗ್ರಾಮ ಪಂಚಾಯಿತಿಗಳು ಪ್ರತಿವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕು. ಹಲವೆಡೆ ಅದು ಸ್ವಾಗತ ಗೀತೆ, ಬಿಸ್ಕತ್ತು, ವಂದನಾರ್ಪಣೆಗಳಲ್ಲಿ ಮುಗಿಯುತ್ತದೆ. ಮುಂದಿನ ಸಭೆಗೆ ಮಕ್ಕಳು ತಾವು ಅಳೆದ ನಕ್ಷೆಯನ್ನೂ, ಗೇಟಿನ ಸುತ್ತ ಆಯ್ದ ಪೊಟ್ಟಣಗಳ ಎಣಿಕೆಯನ್ನೂ, ಅಂಗಡಿ ಮುಂಗಟ್ಟುಗಳಿಗೆ ಕಂಪನಿಗಳು ಉಚಿತವಾಗಿ ಹಾಕಿಕೊಟ್ಟ ಬಣ್ಣದ ಫಲಕಗಳ ಪಟ್ಟಿಯನ್ನೂ ತರಲಿ. ಅವುಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಪಿಡಿಓ ಅವರನ್ನು ಕೇಳಲಿ. ಆ ಅಂಗಡಿಗಳಿಗೆ ಪರವಾನಗಿ ಕೊಟ್ಟವರು ಅದೇ ಸಭೆಯಲ್ಲಿ ಕುಳಿತಿರುತ್ತಾರೆ.