ಹೆಡ್ಡನ್ನು ಬಿಚ್ಚುವ ಕೈ, ತೀರ್ಮಾನಿಸುವ ಅಳತೆ

ಬೇಸಗೆಯ ಮಧ್ಯಾಹ್ನ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೊರಟರೆ, ಬಾನೆಟ್ಟನ್ನು ಎತ್ತಿ ದಾರಿಯ ಬದಿಗೆ ನಿಂತ ಕಾರೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ರೇಡಿಯೇಟರಿನ ನೀರು ಸೋರಿಹೋಗಿರುತ್ತದೆ. ಒಡೆಯನು ಸಮೀಪದ ದ್ರಾಕ್ಷಿ ತೋಟದಿಂದ ಒಂದು ಕೊಡ ತಣ್ಣೀರನ್ನು ತಂದು, ಕಾದ ಎಂಜಿನಿಗೆ ಸುರಿದು, ಮುಂದೆ ಸಾಗುತ್ತಾನೆ. ಕೆಲವು ದಿನಗಳ ತರುವಾಯ ನೀರು ಮೇಲಿಂದ ಮೇಲೆ ಕಡಿಮೆಯಾಗುತ್ತದೆ, ಹೊಗೆ ಬೆಳ್ಳಗಾಗುತ್ತದೆ, ಎಣ್ಣೆಯು ಮಜ್ಜಿಗೆಯಂತೆ ಕಾಣುತ್ತದೆ. ಆಗ ಸಿಲಿಂಡರ್ ಹೆಡ್ಡನ್ನು ಬಿಚ್ಚಿ ನೋಡಲೇಬೇಕಾಗುತ್ತದೆ.

ಈ ಕೆಲಸವನ್ನು ಮನೆಯಂಗಳದಲ್ಲಿ ಮಾಡಬಹುದೆ? ‘ಅದು ಮಿಸ್ತ್ರಿಯ ಕೆಲಸ, ಓದುವ ಹುಡುಗರಿಗೇಕೆ?’ ಎನ್ನುವವರುಂಟು. ‘ಪಾನಾ ಇದ್ದರೆ ಸಾಕು, ಎಲ್ಲವನ್ನೂ ಮಾಡಬಹುದು’ ಎನ್ನುವವರೂ ಉಂಟು. ಈ ಎರಡೂ ಮತಗಳು ನಮಗೆ ಒಪ್ಪಿಗೆಯಿಲ್ಲ. ಪರೀಕ್ಷೆಯನ್ನು ಮನೆಯಲ್ಲಿ ಧಾರಾಳವಾಗಿ ಮಾಡಬಹುದು. ಆದರೆ ದುರಸ್ತಿಯು ಎಲ್ಲಿ ನಿಲ್ಲಬೇಕೆಂಬುದನ್ನು ಅಳತೆಯು ತೀರ್ಮಾನಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಅದಕ್ಕೆ ಕಾರಣವು ಭೌತಶಾಸ್ತ್ರದಲ್ಲಿದೆ. ಅನೇಕ ಕಾರುಗಳಲ್ಲಿ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಮಿನದು. 400 ಮಿ.ಮೀ. ಉದ್ದದ ಹೆಡ್ಡು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 0.74 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಎರಕದ ಕಬ್ಬಿಣವು ಸುಮಾರು 0.35 ಮಿ.ಮೀ. ಮಾತ್ರ. ಶಾಖವು ಸಮನಾಗಿದ್ದಾಗ ಗ್ಯಾಸ್ಕೆಟ್ಟು ಈ ಅಂತರವನ್ನು ಸಹಿಸಿಕೊಳ್ಳುತ್ತದೆ. ನೀರು ಇಲ್ಲವಾದಾಗ ಹೆಡ್ಡಿನ ಒಂದು ಭಾಗವು ಇನ್ನೊಂದಕ್ಕಿಂತ ಬಹಳ ಕಾಯುತ್ತದೆ. ಹಿಗ್ಗಲು ಹೊರಟ ಲೋಹವನ್ನು ಬೋಲ್ಟುಗಳು ಬಿಗಿಹಿಡಿದಿರುತ್ತವೆ. ಆಗ ಅದು ಶಾಶ್ವತವಾಗಿ ಬಾಗುತ್ತದೆ, ಇಲ್ಲವೆ ಬಿರಿಯುತ್ತದೆ.

ಪರೀಕ್ಷೆಯ ಕ್ರಮವು ಕಠಿಣವಲ್ಲ. ಎಂಜಿನು ಪೂರ್ತಿ ಆರುವವರೆಗೆ ಕಾಯಬೇಕು. ಬೋಲ್ಟುಗಳನ್ನು ಎರಡು ತುದಿಗಳಿಂದ ನಡುವಿನ ಕಡೆಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಗೀರು ಬೀಳದಂತೆ ಮುಖವನ್ನು ಶುದ್ಧಗೊಳಿಸಿ, ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅದರಡಿಯಲ್ಲಿ ಫೀಲರ್ ಗೇಜಿನ ಎಲೆಯು ತೂರುವುದೇ ಎಂದು ನೋಡಬೇಕು. ಅನೇಕ ಎಂಜಿನುಗಳಿಗೆ 0.05 ಮಿ.ಮೀ. ಆಸುಪಾಸಿನ ಓರೆಯೇ ಮಿತಿ. ನಿಮ್ಮ ಎಂಜಿನಿನ ಕೈಪಿಡಿಯ ಅಂಕಿಯೇ ಪ್ರಮಾಣ. ಹೆಡ್ಡನ್ನು ಮಗುಚಿ, ಕವಾಟಗಳು ಮುಚ್ಚಿರುವಾಗ ದಹನಕೋಣೆಗೆ ಸೀಮೆಎಣ್ಣೆಯನ್ನು ಹಾಕಿದರೆ, ಕವಾಟ ಸೋರುವುದೂ ತಿಳಿಯುತ್ತದೆ.

ಓರೆಯು ಮಿತಿ ಮೀರಿದರೆ ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಇದನ್ನು ನಾವು ದಂಡ ತೆತ್ತು ಕಲಿತೆವು. ಒಮ್ಮೆ ನಮ್ಮ ಗೇಜು 0.12 ಮಿ.ಮೀ. ತೋರಿಸಿತು. ಖರ್ಚಿಗೆ ಅಂಜಿ, ಎಮೆರಿ ಕಾಗದದಿಂದ ಉಜ್ಜಿ, ಕೂಡಿಸಿಬಿಟ್ಟೆವು. ಕೈಯಿಂದ ಉಜ್ಜಿದರೆ ಒತ್ತು ಬಿದ್ದಲ್ಲಿ ಹೆಚ್ಚು ಸವೆಯುತ್ತದೆ, ಮುಖವು ಸಮವಾಗುವುದಿಲ್ಲ. ತಿಂಗಳೊಳಗೆ ನೀರು ಎಣ್ಣೆಗಿಳಿದು ಬೇರಿಂಗುಗಳು ಕೆಟ್ಟವು. ಯಂತ್ರದಲ್ಲಿ ಹೆಡ್ಡಿನ ಮುಖವನ್ನು ಸಮಗೊಳಿಸಲು ತಗಲುತ್ತಿದ್ದ ಹಣದ ಹಲವು ಪಟ್ಟನ್ನು ಕೊಡಬೇಕಾಯಿತು. ತರಗತಿಯಲ್ಲಿ ಅಳತೆಯ ಮಹತ್ವವನ್ನು ಬೋಧಿಸುವ ನಾವೇ ನಮ್ಮ ಅಳತೆಯನ್ನು ನಂಬಲಿಲ್ಲ!

ಕೂಡಿಸುವಾಗಲೂ ಇದೇ ಎಚ್ಚರ ಬೇಕು. ಗ್ಯಾಸ್ಕೆಟ್ಟು ಹೊಸದಾಗಿರಬೇಕು, ಕೈಪಿಡಿ ಹೇಳಿದರೆ ಬೋಲ್ಟುಗಳೂ ಹೊಸವಾಗಿರಬೇಕು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಟಾರ್ಕ್ ತೋರಿಸುವ ಪಾನಾದಿಂದ. ನಾವು ಹಾಕುವ ಟಾರ್ಕಿನ ಬಹುಪಾಲು ಘರ್ಷಣೆಗೇ ಹೋಗುವುದರಿಂದ, ಎಳೆಗಳಲ್ಲಿ ಕೊಳೆಯಿದ್ದರೆ ಗೇಜಿನ ಅಂಕಿ ಸರಿಯಿದ್ದೂ ಬೋಲ್ಟು ಸಡಿಲವೇ.

ವಿಜಯಪುರದ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಪ್ರಯೋಗಶಾಲೆಯಲ್ಲಿ ಸರಳಿನ ವ್ಯಾಕೋಚನ ಗುಣಾಂಕವನ್ನು ಕಂಡುಹಿಡಿದು ಅಂಕ ಪಡೆದ ಮೇಲೆ, ಪರಿಚಯದ ಮಿಸ್ತ್ರಿಯೊಬ್ಬರಲ್ಲಿ ಹಳೆಯ ಹೆಡ್ಡೊಂದನ್ನು ಕೇಳಿಕೊಂಡು ಅಳೆದು ನೋಡಿರಿ. ಅಳತೆಯು ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ ಬಂದಾಗಲೂ ಅದನ್ನು ಒಪ್ಪುವ ಅಭ್ಯಾಸವು ಅಲ್ಲಿ ಬೆಳೆಯಲಿ.