ಕಾಗದದ ಕಾಯಿದೆಯಿಂದ ಬಂಡಿ ಸಾಗದು

ಭದ್ರಾವತಿಯ ಕಾಗದನಗರದವರಿಗೆ ಕಾಗದದ ಗುಣವನ್ನು ಬೇರೆಯವರು ಕಲಿಸಬೇಕಾಗಿಲ್ಲ. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಗಿರಣಿಯ ನೆರಳಿನಲ್ಲಿ ಬೆಳೆದ ಊರು ಅದು. ಕಾಗದವು ಬರೆಯುವುದಕ್ಕೆ ಒಳ್ಳೆಯದು. ಆದರೆ ಅದು ಹಸಿದವನಿಗೆ ಅನ್ನವಾಗದು ಎಂಬುದನ್ನು, ಗಿರಣಿಯ ಯಂತ್ರಗಳು ನಿಂತ ಮೇಲೆ ಆ ಊರು ಕಣ್ಣೀರಿನೊಡನೆ ಅರಿತುಕೊಂಡಿದೆ. ವಿಧಾನಸೌಧದಲ್ಲಿ ಕುಳಿತು ಕಾಯಿದೆಗಳನ್ನು ರಚಿಸುವ ಮಹನೀಯರು ಮಾತ್ರ ಈ ಪಾಠವನ್ನು ಇನ್ನೂ ಕಲಿತಂತೆ ತೋರುವುದಿಲ್ಲ.

ವಾಚಕರು ಮರೆತಿರಲಾರರು. 2024ರ ಜೂನ್ 28ರ ನಸುಕಿನಲ್ಲಿ, ಸವದತ್ತಿಯ ಯಲ್ಲಮ್ಮನ ದರ್ಶನವನ್ನು ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕು ಎಮ್ಮೆಹಟ್ಟಿಯ ಯಾತ್ರಿಕರ ವಾಹನವು, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬಡಿಯಿತು. 13 ಜೀವಗಳು ಹೋದವು. ಮಂತ್ರಿಗಳು ಶೋಕಿಸಿದರು, ಪರಿಹಾರವನ್ನು ಸಾರಿದರು. ಆಮೇಲೆ?

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 122ನೆಯ ಕಲಮು, ಅಪಾಯವಾಗುವಂತೆ ವಾಹನವನ್ನು ದಾರಿಯಲ್ಲಿ ನಿಲ್ಲಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. 2019ರ ತಿದ್ದುಪಡಿಯು 198-ಎ ಎಂಬ ಹೊಸ ಕಲಮನ್ನು ಸೇರಿಸಿತು: ರಸ್ತೆಯನ್ನು ಕಟ್ಟುವ, ಕಾಯುವ ಅಧಿಕಾರಿಯಾಗಲಿ ಗುತ್ತಿಗೆದಾರನಾಗಲಿ ಸುರಕ್ಷತೆಯ ನಿಯಮಗಳನ್ನು ಮೀರಿ, ಅದರಿಂದ ಸಾವು ಸಂಭವಿಸಿದರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಒಂದು ಜೀವಕ್ಕೆ ಲಕ್ಷ ರೂಪಾಯಿ ಏನು ಮಹಾ! ಆದರೂ ಅಷ್ಟಾದರೂ ವಸೂಲಾಯಿತೇ? ಅದೇ 2019ರಲ್ಲಿ ನಮ್ಮ ಸರಕಾರವು ಶಿರಸ್ತ್ರಾಣವಿಲ್ಲದ ಸವಾರನ ದಂಡವನ್ನು 1,000 ರೂಪಾಯಿಯಿಂದ 500ಕ್ಕೆ ಇಳಿಸಿ ಔದಾರ್ಯವನ್ನು ಮೆರೆಯಿತು. ಆ 500ನ್ನು ಬಡ ಸವಾರನಿಂದ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ವಸೂಲು ಮಾಡುವ ಕೈ, ಗುತ್ತಿಗೆದಾರನ ಬಾಗಿಲನ್ನು ಎಷ್ಟು ಸಲ ತಟ್ಟಿದೆ? ಸರಕಾರದವರು ಆ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಲಿ. ನಾವು ಸಂತೋಷದಿಂದ ಓದುತ್ತೇವೆ.

ಇನ್ನು ಹಣದ ಮಾತು. ಮೈಸೂರು ಸರಕಾರವು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸಾರಿಗೆಯ ಭಾರವನ್ನು ಹೊತ್ತುಕೊಂಡಿತು. ಬಸ್ಸು ಪ್ರಜೆಯ ಹಕ್ಕೆಂಬ ಭಾವನೆಯು ಅಂದಿನಿಂದ ಜನರಲ್ಲಿ ಬೇರೂರಿದೆ. ಆದರೆ ನಿಗಮಗಳನ್ನು ಆಳುವ 1950ರ ಕಾಯಿದೆಯನ್ನು ನೋಡಿರಿ! ಅದರ 22ನೆಯ ಕಲಮು ನಿಗಮವು ವ್ಯಾಪಾರದ ತತ್ತ್ವದಂತೆ ನಡೆಯಬೇಕೆನ್ನುತ್ತದೆ. 34ನೆಯದು ಸರಕಾರದ ಆಜ್ಞೆಗೆ ತಲೆಬಾಗಬೇಕೆನ್ನುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಸ್ತ್ರೀಯರಿಗೆ ಉಚಿತ ಪ್ರಯಾಣವಾಯಿತು. 2025ರ ಜುಲೈ ವೇಳೆಗೆ ಉಚಿತ ಟಿಕೀಟುಗಳು 500 ಕೋಟಿಯನ್ನು ಮುಟ್ಟಿದವು. ಮನೆಯ ಹೊಸ್ತಿಲನ್ನು ದಾಟದ ಎಷ್ಟೋ ತಾಯಂದಿರು ಊರು ಕಂಡರು, ದುಡಿಮೆ ಕಂಡರು. ಇದನ್ನು ಹಳಿಯುವವರ ಸಾಲಿನಲ್ಲಿ ನಾವಿಲ್ಲ. ಆದರೆ ಕೊಟ್ಟ ಮಾತಿನ ಬೆಲೆಯನ್ನು ಸಕಾಲಕ್ಕೆ ತೆರದೆ, 2025 ಕಾಲಿಡುವ ಹೊತ್ತಿಗೆ ನಾಲ್ಕು ನಿಗಮಗಳಿಗೂ 2,000 ಕೋಟಿ ರೂಪಾಯಿ ಸಾಲ ಮಾಡಿರೆಂದು ಅಪ್ಪಣೆ ಕೊಡುವುದು, ಜನವರಿ 5ರಿಂದ ಶೇಕಡಾ 15ರಷ್ಟು ದರವನ್ನು ಏರಿಸುವುದು, ಇದು ಯಾವ ಮನೆವಾರ್ತೆ? ನೆಂಟರನ್ನು ಊಟಕ್ಕೆ ಕರೆದು ದಿನಸಿಯ ಸಾಲವನ್ನು ಅಡಿಗೆಯವನ ತಲೆಗೆ ಕಟ್ಟಿದಂತಾಯಿತು!

ಹಣವಿಲ್ಲವೆಂಬ ಉತ್ತರವು ನಿಲ್ಲದು. 2024ರಲ್ಲಿ ತೆರಿಗೆಯ ಕಾಯಿದೆಯನ್ನು ತಿದ್ದಿ, ಸಾರಿಗೆ ಕೆಲಸಗಾರರ ಕ್ಷೇಮನಿಧಿಗೆಂದು ಹೊಸ ದ್ವಿಚಕ್ರಕ್ಕೆ 500, ಹೊಸ ಕಾರಿಗೆ 1,000 ರೂಪಾಯಿ ಮೇಲುತೆರಿಗೆಯನ್ನು ಇದೇ ಸರಕಾರ ಹಾಕಲಿಲ್ಲವೇ? ಒಂದು ಉದ್ದೇಶಕ್ಕೆ ಮೀಸಲು ನಿಧಿಯನ್ನು ಕಟ್ಟಬಲ್ಲ ಕೈಗೆ ಬಸ್ಸಿಗಾಗಿ ಅದನ್ನು ಕಟ್ಟುವುದು ಅಸಾಧ್ಯವೇ?

ಮಲೆನಾಡಿನ ಗೋಳು ಬೇರೆಯೇ. ಶಿವಮೊಗ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಿಗೆ ಅನೇಕ ವರ್ಷಗಳಿಂದ ಖಾಸಗಿ ಬಸ್ಸೇ ಗತಿ. ಶಕ್ತಿ ಯೋಜನೆಯು ಖಾಸಗಿ ಬಸ್ಸಿಗೆ ಹತ್ತುವುದಿಲ್ಲ. ಹೀಗಾಗಿ ಬೆಂಗಳೂರಿನ ಹೆಣ್ಣುಮಗಳು ದುಡ್ಡಿಲ್ಲದೆ ಪಯಣಿಸುವಾಗ, ಸರಕಾರಿ ಬಸ್ಸು ಬಾರದ ಹಳ್ಳಿಯ ಹೆಣ್ಣುಮಗಳು ಸೆರಗಿನ ಗಂಟನ್ನು ಬಿಚ್ಚುತ್ತಾಳೆ. ತೆರಿಗೆಯಲ್ಲಿ ಸಮಾನರಾದವರು ಸೌಕರ್ಯದಲ್ಲಿ ಅಸಮಾನರಾಗುವುದು ನ್ಯಾಯವೇ?

1956ರಲ್ಲಿ ಕನ್ನಡ ನಾಡು ಒಂದಾಯಿತು. ಮೈಸೂರು ಸೀಮೆಯ ಎಮ್ಮೆಹಟ್ಟಿಗೂ ಮುಂಬಯಿ ಪ್ರಾಂತದ ಸವದತ್ತಿಗೂ ನಡುವೆ ಇದ್ದ ಗಡಿಯು ಅಳಿಯಿತು. ಗಡಿ ಅಳಿದರೆ ಸಾಲದು. ಆ ದಾರಿಯಲ್ಲಿ ಬಡವನು ನಂಬಿ ಹತ್ತುವ ಬಂಡಿ ಇರಬೇಕು, ಹತ್ತಿದವನು ಜೀವಸಹಿತ ಇಳಿಯಬೇಕು. ಸರಕಾರಿ ಬಸ್ಸೊಂದಿದ್ದರೆ ಆ 13 ಜನ ಉಳಿಯುತ್ತಿದ್ದರೆಂದು ನಾವು ಹೇಳುವುದಿಲ್ಲ. ಆದರೆ ಬಸ್ಸಿಗೆ ಹಣವೂ ರಸ್ತೆಗೆ ಕಾವಲೂ ಇಲ್ಲದ ನಾಡಿನಲ್ಲಿ ಯಾತ್ರಿಕನನ್ನು ದೇವರೇ ಕಾಯಬೇಕಾಗುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಉಚಿತ ಪ್ರಯಾಣದ ಹಣವು ತಿಂಗಳು ಮುಗಿಯುವುದರೊಳಗೆ ನಿಗಮಕ್ಕೆ ಸಲ್ಲತಕ್ಕದ್ದೆಂದು ಕಾಯಿದೆಯಲ್ಲಿಯೇ ಬರೆಯಿರಿ. ಸರಕಾರಿ ಬಸ್ಸಿಲ್ಲದ ಮಲೆನಾಡಿನ ಹಳ್ಳಿಗೆ ಬಸ್ಸನ್ನು ಕಳುಹಿರಿ; ಆಗದಿದ್ದರೆ ಖಾಸಗಿ ಬಸ್ಸಿನಲ್ಲಿಯೇ ಆ ಹಕ್ಕನ್ನು ನಡೆಸಿಕೊಡಿರಿ. ರಸ್ತೆಯ ಸಾವಿನ ಹೊಣೆಯನ್ನು ಚಾಲಕನಲ್ಲಿ ಮಾತ್ರವಲ್ಲದೆ ರಸ್ತೆಯ ಒಡೆಯನಲ್ಲಿಯೂ ಹುಡುಕಿರಿ.

ಉಪಾಧ್ಯಾಯರೇ, ಪುರಜನರೇ! ಮತ ಬೇಡಲು ಬಾಗಿಲಿಗೆ ಬರುವವರನ್ನು ಈ ಮೂರನ್ನೇ ಕೇಳಿರಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿರಿ, ಕಾಗದದಲ್ಲಿಯೂ ಒಪ್ಪಬೇಡಿರಿ. ಊರ ನಿಲ್ದಾಣದಲ್ಲಿ ಬಸ್ಸು ಬಂದು ನಿಂತ ದಿನವೇ ಒಪ್ಪಿರಿ.